ಚೆಟ್‌ಪೆಟ್‌ನ ಪ್ರಯೋಗ: ಮನೆಯೇ ಆಸ್ಪತ್ರೆಯಾದ ಕಥೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಅತ್ತೆಯವರಿಗೆ ನ್ಯುಮೋನಿಯಾ ಆಯಿತು. ಅವರಿಗೆ 81 ವರ್ಷ. ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡ ಡಾಕ್ಟರು ಐದನೆಯ ದಿನ, "ಉಳಿದ ಇಂಜೆಕ್ಷನ್‌ಗಳನ್ನು ಮನೆಯಲ್ಲೇ ಕೊಡಿಸೋಣ, ಈಗ ಆ ಸೌಲಭ್ಯ ಇದೆ" ಎಂದರು. ಸಂಜೆಯೊಳಗೆ ನಮ್ಮ ಮಲಗುವ ಕೋಣೆಗೆ ಕಬ್ಬಿಣದ ಮಂಚ, ಡ್ರಿಪ್ ಸ್ಟ್ಯಾಂಡು, ಆಮ್ಲಜನಕದ ಯಂತ್ರ ಎಲ್ಲ ಬಂದವು. ದಿನಕ್ಕೆ ಎರಡು ಸಲ ನರ್ಸ್ ಬರುತ್ತಿದ್ದರು. ಅವರು ಇರುತ್ತಿದ್ದುದು ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ. ಉಳಿದ ಇಪ್ಪತ್ತೆರಡೂವರೆ ಗಂಟೆಯ ನರ್ಸ್ ಯಾರೆಂದು ನೀವೇ ಊಹಿಸಿಕೊಳ್ಳಿ.

ಅತ್ತೆ ಚೇತರಿಸಿಕೊಂಡರು, ಆ ವಿಷಯದಲ್ಲಿ ನನಗೆ ದೂರಿಲ್ಲ. ಆದರೆ ಆ ದಿನಗಳಲ್ಲಿ ಬಂದುಹೋದವರೆಲ್ಲ "ಕಾಲ ಎಷ್ಟು ಮುಂದುವರಿದಿದೆ ನೋಡಿ, ಆಸ್ಪತ್ರೆಯೇ ಮನೆಗೆ ಬಂತು, ಎಲ್ಲ ಅಮೆರಿಕದಿಂದ ಬಂದದ್ದು" ಎನ್ನುತ್ತಿದ್ದಾಗ ನನಗೆ ಒಳಗೊಳಗೇ ನಗು. ಆಸ್ಪತ್ರೆಯಲ್ಲಿ ಆಗುವ ಕೆಲಸವನ್ನು ಮನೆಯಲ್ಲೂ ಮಾಡಬಹುದೇ ಎಂಬ ಪ್ರಶ್ನೆಗೆ ಜಗತ್ತಿಗೆ ಅಂಕಿಅಂಶಗಳ ಸಮೇತ ಉತ್ತರ ಕೊಟ್ಟ ಊರುಗಳಲ್ಲಿ ನಾವಿರುವ ಈ ಚೆನ್ನೈಗೆ ಮೊದಲ ಸಾಲಿನಲ್ಲಿ ಜಾಗವಿದೆ. ಅದು ನಡೆದದ್ದು ಸುಮಾರು ಎಪ್ಪತ್ತು ವರ್ಷಗಳ ಹಿಂದೆ, ಚೆಟ್‌ಪೆಟ್‌ನಲ್ಲಿ. ಹವಾನಿಯಂತ್ರಿತ ಫ್ಲ್ಯಾಟುಗಳಲ್ಲಲ್ಲ, ಒಂದೇ ಕೋಣೆಯ ಬಡವರ ಮನೆಗಳಲ್ಲಿ. ರೋಗ ಕ್ಷಯ.

ಕ್ಷಯ ಎಂದರೆ ನಮ್ಮ ಅಜ್ಜಿಯರ ಕಾಲದಲ್ಲಿ ಹೇಗೆ ನಡುಗುತ್ತಿದ್ದರು ಎನ್ನುವುದು ಈಗಿನವರಿಗೆ ಗೊತ್ತಾಗುವುದು ಕಷ್ಟ. ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಹೆಣ್ಣುಮಕ್ಕಳ ಮದುವೆ ನಿಂತುಹೋಗುತ್ತಿತ್ತು. ಅರಮನೆಯನ್ನೂ ಅದು ಬಿಡಲಿಲ್ಲ. ಮೈಸೂರಿನ ಕಡೆಯವರಿಗೆ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಟೋರಿಯಂ ನೆನಪಿರಬಹುದು. ಆ 'ಪಿ.ಕೆ.' ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಕ್ಷಯಕ್ಕೆ ಬಲಿಯಾದ ಆಕೆಯ ನೆನಪಿಗೆ ಕಟ್ಟಿದ ಆಸ್ಪತ್ರೆ ಅದು.

ಆಗ ಮದ್ದಿರಲಿಲ್ಲ. ಇದ್ದದ್ದು ಮೂರೇ: ವಿಶ್ರಾಂತಿ, ಒಳ್ಳೆಯ ಗಾಳಿ, ಒಳ್ಳೆಯ ಊಟ. ಈ ಮೂರನ್ನೂ ಒಂದೇ ಕಡೆ ಕೊಡುವ ಜಾಗಕ್ಕೆ ಸ್ಯಾನಟೋರಿಯಂ ಎಂದು ಹೆಸರು. ಊರಾಚೆ ಗುಡ್ಡದ ಮಗ್ಗುಲಲ್ಲಿ, ಸಾಲು ಕಿಟಕಿ, ಉದ್ದನೆಯ ಜಗಲಿ, ಅಲ್ಲಿ ಮಂಚಗಳು. ರೋಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲಿರಬೇಕು. ಮದನಪಲ್ಲಿಯ ಹತ್ತಿರ ಮಿಷನರಿಗಳು ಕಟ್ಟಿದ ಸ್ಯಾನಟೋರಿಯಂ ಇದ್ದ ಜಾಗಕ್ಕೆ ಆರೋಗ್ಯವರಂ ಎಂದೇ ಹೆಸರಾಯಿತು. ಕಮಲಾ ನೆಹರೂ ಭೊವಾಲಿಯ ಸ್ಯಾನಟೋರಿಯಂನಲ್ಲಿದ್ದು, ಆಮೇಲೆ ಯುರೋಪಿಗೆ ಹೋಗಿ, 1936ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು. ಅಷ್ಟು ದೂರ ಹೋಗಲು ಆಗುವವರು ಎಷ್ಟು ಜನ? ಉಳಿದವರಿಗೆಲ್ಲ ಮನೆಯ ಹಿಂದಿನ ಕೋಣೆಯೇ ಸ್ಯಾನಟೋರಿಯಂ, ಹೆಂಡತಿಯೋ ತಾಯಿಯೋ ಅದರ ನರ್ಸ್.

ಇಲ್ಲಿ ಚೆಟ್‌ಪೆಟ್‌ನದೇ ಒಂದು ಹಳೆಯ ಸಂಗತಿ ಹೇಳಬೇಕು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದು, ಅಲ್ಲಿಯ ಸ್ಯಾನಟೋರಿಯಂಗಳಲ್ಲಿ ದಿನ ಕಳೆದು, 1919ರಲ್ಲಿ ಮದ್ರಾಸಿಗೆ ಮರಳಿದರು. ಕ್ಷಯವೆಂದೇ ಅವರಿಗೆ ಚಿಕಿತ್ಸೆ ನಡೆಯಿತು. ಅದು ಕ್ಷಯವೇ ಅಲ್ಲ, ಅಮೀಬಾದಿಂದ ಬಂದ ಯಕೃತ್ತಿನ ರೋಗವಿರಬಹುದು ಎಂದು ಬಹಳ ವರ್ಷಗಳ ಮೇಲೆ ಕೆಲವು ವೈದ್ಯರು ವಾದಿಸಿದ್ದೂ ಉಂಟು. 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಚೆಟ್‌ಪೆಟ್‌ನ ಒಂದು ಮನೆಯಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಶುಶ್ರೂಷೆ ಮಾಡಿದ್ದು ಹೆಂಡತಿ ಜಾನಕಿ. ಆಕೆಗೆ ಆಗ 21 ವರ್ಷ. ಹೊತ್ತುಹೊತ್ತಿಗೆ ಅನ್ನ, ನಿಂಬೆರಸ, ಮಜ್ಜಿಗೆ ಕೊಡುತ್ತಿದ್ದುದನ್ನೂ, ನೋವೆಂದಾಗ ಎದೆಗೆ, ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದುದನ್ನೂ ಆಕೆ ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾರೆ. ಆ ನೀರು ಕಾಯಿಸಿದ ಎರಡು ಪಾತ್ರೆಗಳನ್ನು ಆಕೆ ಕೊನೆಗಾಲದವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದರಂತೆ. ಗಂಡ ಹೋದ ಮೇಲೆ ಮುಂಬೈಯಲ್ಲಿ ಸೋದರನ ಮನೆಯಲ್ಲಿದ್ದು ಹೊಲಿಗೆ ಕಲಿತು, ಮದ್ರಾಸಿಗೆ ಮರಳಿ ಅದರಿಂದಲೇ ಬದುಕು ನಡೆಸಿದರು. ರಾಮಾನುಜನ್ ಅವರ ಮೇಲೆ ಎಷ್ಟು ಪುಸ್ತಕ! ಜಾನಕಮ್ಮನವರ ಪಾತ್ರೆಗಳ ಬಗ್ಗೆ ಒಂದು ಸಾಲು.

ಈಗ ಪ್ರಯೋಗದ ಮಾತಿಗೆ ಬರೋಣ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, ಅದರ ಹಿಂದೆಯೇ ಪಿ.ಎ.ಎಸ್. ಎಂಬ ಮದ್ದು ಬಂತು, 1952ರಲ್ಲಿ ಐಸೊನಯಾಜಿಡ್. ಮೊದಲ ಬಾರಿಗೆ ಕ್ಷಯ ವಾಸಿಯಾಗುವ ರೋಗವಾಯಿತು. ಆದರೆ ಮದ್ದು ಬಂದರೂ ಡಾಕ್ಟರುಗಳ ಮನಸ್ಸಿನಿಂದ ಸ್ಯಾನಟೋರಿಯಂ ಹೋಗಲಿಲ್ಲ. ಮದ್ದನ್ನೂ ಅಲ್ಲೇ ಮಲಗಿಸಿ ಕೊಡಬೇಕು ಎಂದೇ ನಂಬಿಕೆ. ಭಾರತದಲ್ಲಿ ರೋಗಿಗಳ ಲೆಕ್ಕ ಲಕ್ಷಗಳಲ್ಲಿ, ಹಾಸಿಗೆಗಳ ಲೆಕ್ಕ ಸಾವಿರಗಳಲ್ಲಿ. ಎಲ್ಲರಿಗೂ ಹಾಸಿಗೆ ಕಟ್ಟಿಸುತ್ತೇವೆ ಎಂದು ಹೊರಟರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಹಾಗಾದರೆ ಮನೆಯಲ್ಲೇ ಕೊಟ್ಟರೆ ಏನಾಗುತ್ತದೆ? ವಾಸಿಯಾಗುತ್ತದೆಯೇ? ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಅಂಟುವುದಿಲ್ಲವೇ? ಹೊಟ್ಟೆಗೇ ಇಲ್ಲದವನಿಗೆ ಬರೀ ಮದ್ದು ಹಿಡಿಯುತ್ತದೆಯೇ?

ಈ ಪ್ರಶ್ನೆಗಳಿಗಾಗಿಯೇ 1956ರಲ್ಲಿ ಚೆಟ್‌ಪೆಟ್‌ನ ಸ್ಪರ್ ಟ್ಯಾಂಕ್ ರಸ್ತೆಯಲ್ಲಿ ಟ್ಯುಬರ್ಕ್ಯುಲೋಸಿಸ್ ಕೀಮೊಥೆರಪಿ ಸೆಂಟರ್ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಸೇರಿ ನಡೆಸಿದ ಕೆಲಸ. ಮುಂದಾಳುವಾಗಿ ಬಂದವರು ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರು. ಆ ಕೇಂದ್ರ ಈಗಲೂ ಇದೆ. ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಎಂದು ಬದಲಾಗಿದೆ. ಎಗ್ಮೋರ್ ಕಡೆ ಹೋಗುವಾಗ ಎಷ್ಟೋ ಸಲ ಅದರ ಮುಂದೆ ಆಟೋದಲ್ಲಿ ಹಾದುಹೋಗಿದ್ದೇನೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಅವರು ಮಾಡಿದ್ದು ಇಷ್ಟು. ಮದ್ರಾಸ್ ನಗರದ ಬಡ ಕುಟುಂಬಗಳಿಂದ 193 ಕ್ಷಯರೋಗಿಗಳನ್ನು ತೆಗೆದುಕೊಂಡರು. ಯಾರು ಸ್ಯಾನಟೋರಿಯಂಗೆ, ಯಾರು ಮನೆಗೆ ಎಂಬುದನ್ನು ಡಾಕ್ಟರು ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟರು. ಹೀಗೆ ಮಾಡದಿದ್ದರೆ ಗಟ್ಟಿಮುಟ್ಟಾದವರನ್ನೆಲ್ಲ ಒಂದು ಕಡೆ ಹಾಕಿ 'ನೋಡಿ, ಗೆದ್ದೆವು' ಎನ್ನುವ ಅಪಾಯ ಇರುತ್ತದೆ. ಎರಡೂ ಕಡೆಯವರಿಗೆ ಒಂದೇ ಮದ್ದು, ಐಸೊನಯಾಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ. ಪಿ.ಎ.ಎಸ್. ಎಂದರೆ ಸಾಮಾನ್ಯ ಮಾತ್ರೆಯಲ್ಲ. ದಿನಕ್ಕೆ ಸುಮಾರು 10 ಗ್ರಾಂ ನುಂಗಬೇಕು. ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ, ಊಟ ಸೇರುವುದಿಲ್ಲ. ಅದನ್ನು 365 ದಿನ ತೆಗೆದುಕೊಳ್ಳುವುದು ಒಂದು ತಪಸ್ಸೇ.

ಸ್ಯಾನಟೋರಿಯಂನವರಿಗೆ ಮಂಚ, ವಿಶ್ರಾಂತಿ, ಹಾಲು ಮೊಟ್ಟೆಯ ಊಟ, ಸುತ್ತ ನರ್ಸ್‌ಗಳು. ಮನೆಯವರಿಗೆ ಅದೇ ಹಳೆಯ ಇಕ್ಕಟ್ಟು, ಅದೇ ಗಂಜಿ, ಕೆಲವರಿಗೆ ಕೆಲಸಕ್ಕೂ ಹೋಗಲೇಬೇಕಾದ ಗತಿ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಸ್ಯಾನಟೋರಿಯಂನಲ್ಲಿದ್ದವರಲ್ಲಿ ಶೇಕಡಾ 92 ಜನರಲ್ಲಿ ರೋಗ ಅಡಗಿತ್ತು. ಮನೆಯಲ್ಲಿದ್ದವರಲ್ಲಿ ಶೇಕಡಾ 86. ಸ್ಯಾನಟೋರಿಯಂನವರು ಹೆಚ್ಚು ತೂಕ ಹಾಕಿಕೊಂಡಿದ್ದರು, ಮುಖ ತುಂಬಿಕೊಂಡಿತ್ತು. ಆದರೆ ರೋಗ ವಾಸಿಯಾಗುವುದರಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು.

ತಾಯಂದಿರಿಗೆ ಮುಖ್ಯವಾದ ಪ್ರಶ್ನೆ ಇನ್ನೊಂದಿತ್ತಲ್ಲ, ಮಕ್ಕಳದ್ದು? ಮನೆಮಂದಿಯನ್ನು ಐದು ವರ್ಷ ಹಿಂಬಾಲಿಸಿ ನೋಡಿದರು. ರೋಗಿ ಮನೆಯಲ್ಲೇ ಉಳಿದ ಕುಟುಂಬಗಳಲ್ಲಿ, ರೋಗಿಯನ್ನು ಸ್ಯಾನಟೋರಿಯಂಗೆ ಕಳಿಸಿದ ಕುಟುಂಬಗಳಿಗಿಂತ ಹೆಚ್ಚು ಜನರಿಗೆ ರೋಗ ಬಂದಿರಲಿಲ್ಲ. ಅಂಟುವುದು ಹೆಚ್ಚಾಗಿ ರೋಗ ಪತ್ತೆಯಾಗುವ ಮುಂಚೆಯೇ. ಮದ್ದು ಶುರುವಾದ ಮೇಲೆ ಅಪಾಯ ಬೇಗನೆ ಇಳಿಯುತ್ತದೆ. ಅಂದರೆ, ಕೆಮ್ಮುವ ಸೊಸೆಯನ್ನು ತವರಿಗಟ್ಟುವುದು, ತಟ್ಟೆ ಲೋಟ ಬೇರೆ ಇಡುವುದು, ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುವುದು, ಇವುಗಳಲ್ಲಿ ಬಹುಪಾಲಿಗೆ ಆಧಾರವೇ ಇರಲಿಲ್ಲ. ಆದರೂ ಇಂದಿಗೂ ಅವು ನಿಂತಿಲ್ಲ.

ಜಗತ್ತಿನ ಸ್ಯಾನಟೋರಿಯಂಗಳು ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಅದಕ್ಕೆ ಮದ್ದುಗಳೇ ಮುಖ್ಯ ಕಾರಣ. ಆದರೆ 'ಮಲಗಿಸಲೇಬೇಕು' ಎಂಬ ವಾದದ ಬುಡ ಅಲುಗಿಸಿದ್ದರಲ್ಲಿ ಚೆಟ್‌ಪೆಟ್‌ನ ವರದಿಯ ಪಾಲು ದೊಡ್ಡದು. ಮನೆಗೆ ಆಸ್ಪತ್ರೆ ತರುವ ಯೋಚನೆ ಬೇರೆಡೆಯೂ ಇತ್ತು. ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆ 1947ರಿಂದಲೇ ಡಾಕ್ಟರು, ನರ್ಸ್, ಸಮಾಜ ಕಾರ್ಯಕರ್ತರನ್ನು ರೋಗಿಗಳ ಮನೆಗೆ ಕಳಿಸುತ್ತಿತ್ತು. ಆದರೆ ಇಷ್ಟು ಬಡತನದಲ್ಲಿ, ಇಷ್ಟು ಕಟ್ಟುನಿಟ್ಟಿನ ಹೋಲಿಕೆ ಮಾಡಿ ತೋರಿಸಿದ್ದು ಮದ್ರಾಸು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. 'ಮನೆ ಸಾಕು, ಆಸ್ಪತ್ರೆ ಬೇಡ' ಎಂದು ಸರ್ಕಾರಗಳಿಗೂ ಖುಷಿ, ಖರ್ಚೂ ಕಡಿಮೆ. ಆದರೆ ಆ ಶೇಕಡಾ 86ರ ಹಿಂದೆ ಏನಿತ್ತು ಎನ್ನುವುದನ್ನು ನೋಡಬೇಕು.

ಮನೆಯವರೆಂದರೆ ಮಾತ್ರೆ ಕೊಟ್ಟು ಕಳಿಸಿ ಕೈತೊಳೆದುಕೊಂಡವರಲ್ಲ. ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಮದ್ದು ಒಯ್ಯಬೇಕು. ಬರದಿದ್ದರೆ ಕೇಂದ್ರದವರೇ ಮನೆ ಬಾಗಿಲಿಗೆ ಹೋಗುತ್ತಿದ್ದರು. ಆರೋಗ್ಯ ಸಂದರ್ಶಕಿಯರು ಹೇಳದೆ ಕೇಳದೆ ಬಂದು ಉಳಿದ ಮದ್ದು ಎಣಿಸುತ್ತಿದ್ದರು, ಮೂತ್ರ ಪರೀಕ್ಷೆಗೆ ತೆಗೆದುಕೊಳ್ಳುತ್ತಿದ್ದರು, ಪಿ.ಎ.ಎಸ್. ನುಂಗಿದ್ದರೆ ಆ ಪರೀಕ್ಷೆಯಲ್ಲಿ ಮೂತ್ರದ ಬಣ್ಣ ಬದಲಾಗುತ್ತದೆ, ಸುಳ್ಳು ಹೇಳುವಂತಿಲ್ಲ. ಎರಡು ತಿಂಗಳಲ್ಲಿ ಕೆಮ್ಮು ನಿಂತರೆ 'ವಾಸಿಯಾಯಿತು' ಎಂದು ಮದ್ದು ಬಿಟ್ಟುಬಿಡುವುದು ಮನುಷ್ಯಸ್ವಭಾವ. ಫಾಕ್ಸ್ ಅವರು ಈ ಒಂದು ತೊಡಕಿನ ಮೇಲೆಯೇ 1958ರಲ್ಲಿ ಪ್ರಬಂಧ ಬರೆದರು. ಆಮೇಲೆ ಅದೇ ಕೇಂದ್ರ ವಾರಕ್ಕೆ ಎರಡೇ ಸಲ, ಕಣ್ಣೆದುರೇ ಮದ್ದು ಕೊಡುವ ಪದ್ಧತಿಯನ್ನೂ ಪರೀಕ್ಷಿಸಿತು. ಮುಂದೆ 'ಡಾಟ್ಸ್' ಎಂದು ಜಗತ್ತೆಲ್ಲ ಹರಡಿದ ಕ್ರಮದ ಬೇರು ಇರುವುದು ಇಲ್ಲಿ.

ಅಂದಮೇಲೆ ಗೆದ್ದದ್ದು ಬರೀ ಮನೆಯಲ್ಲ. ಮನೆ ಮತ್ತು ಬಾಗಿಲು ತಟ್ಟುತ್ತಿದ್ದ ಆ ಸಂದರ್ಶಕಿ. ಬಿಸಿಲಲ್ಲಿ ಓಣಿ ಓಣಿ ಸುತ್ತಿ, ಬೈಸಿಕೊಂಡು, ಪುಸಲಾಯಿಸಿ ಕೆಲಸ ಮಾಡಿದವರ ಹೆಸರುಗಳು ನಮಗೆ ಗೊತ್ತಿಲ್ಲ. ಒಳಗಡೆ, ಹೊಟ್ಟೆ ತೊಳಸುವ ಮದ್ದನ್ನು ಹೇಗೋ ನುಂಗಿಸಿ, ವಾಂತಿ ಬಳಿದು, ವಾರ ವಾರ ನೆನಪು ಮಾಡಿ ಕಳಿಸಿದವರ ಹೆಸರಂತೂ ಎಲ್ಲಿಯೂ ಇಲ್ಲ.

ನಮ್ಮ ಕರ್ನಾಟಕ ಈ ಕಥೆಯೊಳಗೆ ಬರುವುದು ಇಲ್ಲಿಂದ ಮುಂದೆ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮನೆಯಲ್ಲೇ ಚಿಕಿತ್ಸೆ ಆಗುವುದಾದರೆ ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸುವುದು ಹೇಗೆ ಎಂದು ಯೋಚಿಸುವುದು ಅದರ ಕೆಲಸ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು ಮಾತಾಡಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಕೆಮ್ಮಿದರೂ ಸುಮ್ಮನಿರುತ್ತಾರೆ ಎಂದು ಪೇಟೆಯ ಡಾಕ್ಟರುಗಳ ನಂಬಿಕೆಯಾಗಿತ್ತು. ಸಿಕ್ಕ ಉತ್ತರವೇ ಬೇರೆ. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣಗಳು ಗೊತ್ತಿದ್ದವು. ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡೂ ಹೋಗಿದ್ದರು. ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿಯ ಶೀಷೆ. 1963ರಲ್ಲಿ ಅದು ಪ್ರಕಟವಾಯಿತು. ತುಮಕೂರಿನ ರೈತ ಹೆಂಗಸು ಎಷ್ಟೋ ಮೈಲಿ ನಡೆದು ಬಂದು, ಕೆಂಪು ನೀರಿನ ಸೀಸೆ ಹಿಡಿದು ಮರಳುವ ಚಿತ್ರ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

1962ರಿಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಮನೆ ಚಿಕಿತ್ಸೆಯನ್ನೇ ನೆಚ್ಚಿಕೊಂಡಿತು. ಚೆಟ್‌ಪೆಟ್‌ನಿಂದ ಮಾತ್ರೆ ಹಳ್ಳಿಗೆ ಹೋಯಿತು. ಬಾಗಿಲು ತಟ್ಟುವವಳು ಹೋಗಲಿಲ್ಲ. ಅಷ್ಟು ಜನರಿಗೆ ಸಂಬಳ ಕೊಡುವವರು ಯಾರು? ಮೂವತ್ತು ವರ್ಷಗಳ ಮೇಲೆ, 1992ರಲ್ಲಿ, ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಪೂರ್ತಿ ಮಾಡಿದವರು ಅರ್ಧಕ್ಕಿಂತ ಕಡಿಮೆ ಎಂದು ತಿಳಿಯಿತು. ಕಾರ್ಯಕ್ರಮವನ್ನು ಹೊಸದಾಗಿ ಕಟ್ಟಿ, 1997ರಿಂದ ಕಣ್ಣೆದುರು ಮದ್ದು ಕೊಡುವ ಕ್ರಮವನ್ನು ದೇಶಕ್ಕೆಲ್ಲ ಹರಡತೊಡಗಿದರು. ನಲವತ್ತು ವರ್ಷದ ಹಿಂದೆ ಮದ್ರಾಸಿನಲ್ಲಿ ಕಲಿತ ಪಾಠವನ್ನು ಹೊರಗಿನಿಂದ ಬಂದ ಹೊಸ ಪಾಠವೆಂಬಂತೆ ಮತ್ತೆ ಕಲಿತೆವು.

ಊಟದ ವಿಷಯ ಇನ್ನೂ ಒಂದು ಉಳಿಯಿತು. ಕಡಿಮೆ ಊಟ ಮಾಡಿದವರೂ ಮದ್ದಿನಿಂದ ವಾಸಿಯಾದರು ಎಂದು ಮದ್ರಾಸಿನ ಪ್ರಯೋಗ ತೋರಿಸಿತು. ಹಾಲು ಮೊಟ್ಟೆ ತಿನ್ನಿಸಲಾಗದ ಬಡವರಿಗೆ ಅದು ದೊಡ್ಡ ಸಮಾಧಾನವೇ. ಆದರೆ ಆ ಮಾತನ್ನು ಮುಂದೆ ಎಷ್ಟೋ ಜನ 'ಹಾಗಾದರೆ ಊಟ ಮುಖ್ಯವಲ್ಲ' ಎಂದು ಓದಿಕೊಂಡರು. ಮದ್ದು ಪುಕ್ಕಟೆ, ಅನ್ನ ನಿಮ್ಮ ಪಾಡು. ಹೊಟ್ಟೆಗಿಲ್ಲದ ಮನೆಯಲ್ಲಿ ರೋಗಿಗೆ ಒಂದು ಲೋಟ ಹಾಲು ಕೊಡಬೇಕಾದರೆ ಯಾರ ಪಾಲಿನದು ಕಡಿಮೆಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಉಣ್ಣುವವಳು ಯಾರೆಂದು ನಮಗೆ ಗೊತ್ತಲ್ಲ.

ಈ ಪ್ರಶ್ನೆ ಕೇಳಿದವರು ಬಂದದ್ದು ನಮ್ಮ ಮಂಗಳೂರಿನಿಂದ. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ವೈದ್ಯ ದಂಪತಿ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ 'ರೇಷನ್ಸ್' ಎಂಬ ಅಧ್ಯಯನ ನಡೆಯಿತು. ಚೆಟ್‌ಪೆಟ್‌ನ ಸಂಸ್ಥೆಯೂ ಅದರಲ್ಲಿ ಜೊತೆಯಾಗಿತ್ತು. 2,800 ರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಿಗೆಲ್ಲ ತಿಂಗಳ ದಿನಸಿ ಕೊಟ್ಟರು. ಅರ್ಧ ಭಾಗದ ಮನೆಗಳಲ್ಲಿ ಮನೆಮಂದಿಗೂ ಅಕ್ಕಿ, ಬೇಳೆ, ಜೊತೆಗೆ ಪೌಷ್ಟಿಕಾಂಶದ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ಮನೆಮಂದಿಗೂ ದಿನಸಿ ಸಿಕ್ಕ ಕಡೆ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಇಳಿದಿತ್ತು, ಕಫ ಪರೀಕ್ಷೆಯಲ್ಲಿ ಖಚಿತವಾಗುವ ಶ್ವಾಸಕೋಶದ ಕ್ಷಯ ಶೇಕಡಾ 48ರಷ್ಟು. ಅಕ್ಕಿ ಬೇಳೆಯಿಂದ! ರೋಗಿಯನ್ನು ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದು ಹೇಳಿ 64 ವರ್ಷಗಳ ಮೇಲೆ, ನೋಡಿಕೊಳ್ಳುವವರಿಗೂ ಹೊಟ್ಟೆಯಿದೆ ಎಂಬುದು ಲೆಕ್ಕಕ್ಕೆ ಬಂತು.

ಕೋವಿಡ್ ಕಾಲ ನೆನಪಿದೆಯೇ? 2020ರಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರುವವರಿಗೆ ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ಷರತ್ತಿತ್ತು: ದಿನದ 24 ಗಂಟೆ, ವಾರದ ಏಳೂ ದಿನ ಆರೈಕೆ ಮಾಡುವ ಒಬ್ಬರು ಇರಬೇಕು. ಆ ಒಬ್ಬರು ಯಾರು, ಅವರು ಯಾವಾಗ ಮಲಗಬೇಕು, ಅವರಿಗೂ ಬಂದರೆ ಯಾರು ನೋಡಬೇಕು ಎಂದು ಅದರಲ್ಲಿ ಇರಲಿಲ್ಲ. ನಮ್ಮ ವೇದಿಕೆಯ ಎಷ್ಟೋ ಗೆಳತಿಯರು ಆ 'ಒಬ್ಬರು' ಆಗಿದ್ದರು. ಒಬ್ಬಾಕೆ ತನಗೇ ಜ್ವರವಿದ್ದರೂ ಮಾತ್ರೆ ನುಂಗಿಕೊಂಡು ಗಂಡನ ಆಮ್ಲಜನಕದ ಮಟ್ಟವನ್ನು ಎರಡು ಗಂಟೆಗೊಮ್ಮೆ ಬರೆದಿಡುತ್ತಿದ್ದರು.

ನಾನೂ ಅತ್ತೆಯವರದ್ದು ಹಾಗೆಯೇ ಬರೆದಿಟ್ಟಿದ್ದೇನೆ, ಹಳೆಯ ಡೈರಿಯೊಂದರಲ್ಲಿ. ಜ್ವರ, ಉಸಿರು, ಎಷ್ಟು ನೀರು ಕುಡಿದರು, ಎಷ್ಟು ಸಲ ಎದ್ದರು. ಒಟ್ಟು ಒಂಬತ್ತು ದಿನ. ಕೊನೆಯ ದಿನ ಮಂಚ ಒಯ್ಯಲು ಬಂದವರು ಒಂದು ಕಾಗದ ಮುಂದಿಟ್ಟು ಸಹಿ ಕೇಳಿದರು. ಬಿಲ್ಲಿನಲ್ಲಿ ಡಾಕ್ಟರ ಭೇಟಿಗೆ ಇಷ್ಟು, ನರ್ಸ್ ಭೇಟಿಗೆ ಇಷ್ಟು, ಯಂತ್ರದ ಬಾಡಿಗೆ ಇಷ್ಟು ಎಂದು ಪಟ್ಟಿಯಿತ್ತು. ಕೆಳಗೆ 'ಆರೈಕೆದಾರರು' ಎಂಬ ಪದದ ಮುಂದೆ ಒಂದು ಖಾಲಿ ಗೆರೆ. ಅಲ್ಲಿ ನನ್ನ ಹೆಸರು ಬರೆದು, ಅತ್ತೆಗೆ ಗಂಜಿ ಮಾಡಲು ಒಳಗೆ ಹೋದೆ.